ಶಕ್ಕರ್ ಮಾಕು

ಬಾಗ್ದಾದಿನಲ್ಲಿ ಚಾಕ್ಕೆ ಹಾಲು ಹಾಕುವ ಕ್ರಮ ಇಲ್ಲ. ಹೆಬ್ಬೆರಳಿಗಿಂತ ಸ್ವಲ್ಪ ಎತ್ತರದ, ನಡು ಸಪೂರವಾದ ಗಾಜಿನ ಲೋಟ. ಅಲ್ಲಿಯವರು ಅದನ್ನು ಇಸ್ತಿಕಾನ್ ಅನ್ನುತ್ತಾರೆ. ತಳದಲ್ಲಿ ಒಂದು ಬೆರಳು ಸಕ್ಕರೆ, ಅದರ ಮೇಲೆ ಕುದಿದು ಕುದಿದು ಕೆಂಪೇರಿದ ಚಾ. ಪುಟ್ಟ ಚಮಚ ಹಾಕಿ ತಿರುಗಿಸಿದರೆ ಕಿಣಿಕಿಣಿ ಸದ್ದು. ಅಂಗಡಿಯಲ್ಲಿ ಮೂವತ್ತು ಜನ ಕೂತು ಒಟ್ಟಿಗೆ ಸಕ್ಕರೆ ಕರಗಿಸುವ ಸದ್ದು ಒಮ್ಮೆ ಕಿವಿಗೆ ಬಿದ್ದರೆ ಜನ್ಮಕ್ಕೂ ಹೋಗುವುದಿಲ್ಲ. ನಮ್ಮಲ್ಲಿ ಆಟಿ ತಿಂಗಳ ಮಳೆ ಹಿಡಿದು ಹೊಯ್ಯುವಾಗ, ಮಾಡಿನಿಂದ ಇಳಿವ ನೀರು ಅಂಗಳದ ಹಿತ್ತಾಳೆ ಕೊಡಕ್ಕೆ ತಾಗಿದರೂ ನನಗೆ ಆ ಚಾ ಅಂಗಡಿಯೇ ನೆನಪಾಗುತ್ತದೆ.

ಮೊನ್ನೆ ಹಾಗೇ ಜಗಲಿಯಲ್ಲಿ ಕೂತಿದ್ದೆ. ಮೊಮ್ಮಗಳು ಹಲಸಿನ ಹಪ್ಪಳ ಮುರಿಯುತ್ತಾ ಬಂದು ಪಕ್ಕದಲ್ಲಿ ಕೂತಳು. "ಅಜ್ಜ, ನೀವು ಸದ್ದಾಂ ಹುಸೇನನನ್ನು ನೋಡಿದ್ದೀರಂತೆ, ಹೌದಾ?"

"ಪಟದಲ್ಲಿ ನೋಡಿದ್ದೇನೆ ಮಗಾ. ಆದರೆ ದಿನಕ್ಕೆ ನೂರು ಸಲ ನೋಡಿದ್ದೇನೆ."

ಅವಳು ಮೊಬೈಲು ನನ್ನ ಮುಂದೆ ಹಿಡಿದಳು. ಹಳೆಯ ಚಿತ್ರ. ಮಿಲಿಟರಿ ಬಟ್ಟೆಯ ಸದ್ದಾಂ, ಸೂಟು ಹಾಕಿದ ಒಬ್ಬ ಅಮೆರಿಕದವನ ಕೈ ಕುಲುಕುತ್ತಿದ್ದಾನೆ. "ಇವನ ಮೇಲೆ ಅವರೇ ಎರಡು ಸಲ ಯುದ್ಧ ಮಾಡಿದ್ದಲ್ವಾ? ಮತ್ತೆ ಇದು ಎಂತದು?"

ಅವಳಿಗೆ ಆವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೇಳಬೇಕಾದರೆ ಒಂದು ಅಕ್ಕಿ ಗೋಣಿಯಿಂದಲೇ ಶುರು ಮಾಡಬೇಕು.

ನಾನು ಇರಾಕಿಗೆ ಹೋದದ್ದು 1983ರಲ್ಲಿ. ಊರಲ್ಲಿ ಗದ್ದೆ ಇತ್ತು, ಹೊಟ್ಟೆಗೆ ಸಾಲುತ್ತಿರಲಿಲ್ಲ. ಆಗ ಭಾರತದ ಕಂಪನಿಗಳು ಇರಾಕಿನಲ್ಲಿ ಕಟ್ಟಡ, ರಸ್ತೆ, ನೀರಿನ ಕೊಳವೆ ಅಂತ ಬೇಕಾದಷ್ಟು ಗುತ್ತಿಗೆ ಹಿಡಿದಿದ್ದವು. ಅಂಥದೊಂದು ಕಂಪನಿಯ ಕ್ಯಾಂಪಿನಲ್ಲಿ ಮೆಸ್ಸಿನ ಉಗ್ರಾಣದ ಲೆಕ್ಕ ಬರೆಯುವ ಕೆಲಸ ನನಗೆ ಸಿಕ್ಕಿತು. ಮುನ್ನೂರು ಜನರ ಮೆಸ್ಸು. ಅಡುಗೆಗೆ ನಮ್ಮ ಉಡುಪಿ ಕಡೆಯ ಒಬ್ಬರು ಭಟ್ಟರಿದ್ದರು. ಅವರ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಊರಿನಿಂದ ಒಂದು ಭರಣಿ ಮಿಡಿ ಉಪ್ಪಿನಕಾಯಿ ತಂದು ಮಂಚದ ಅಡಿಯಲ್ಲಿ ಇಟ್ಟುಕೊಂಡಿದ್ದರು. ಶುಕ್ರವಾರಕ್ಕೆ ಒಂದೇ ಮಿಡಿ, ಅದನ್ನೂ ನಾಲ್ಕು ಸೀಳು ಮಾಡಿ ನಾಲ್ವರಿಗೆ. ಐದನೆಯವ ಬಂದರೆ ಭರಣಿಯ ಬಾಯಿ ಕಟ್ಟಿಬಿಡುತ್ತಿದ್ದರು. ಅಕ್ಕಿಯನ್ನು ಬೇಯಿಸುವ ಮೊದಲು ಒಂದು ಕಾಳು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುವುದು ಅವರ ಅಭ್ಯಾಸ.

ಒಂದು ದಿನ ಲಾರಿಯಲ್ಲಿ ಹೊಸ ಅಕ್ಕಿ ಬಂತು. ಉದ್ದ ಕಾಳು, ಹಾಲಿನಂಥ ಬಿಳಿ. ಗೋಣಿಯ ಮೇಲೆ ಹಸಿರು ಶಾಯಿಯಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರ: ಅಮೆರಿಕದ ಬೆಳೆ ಅಂತ. ಭಟ್ಟರು ಒಂದು ಕಾಳು ಕಚ್ಚಿದರು, ಕಣ್ಣು ಮುಚ್ಚಿದರು, ತೆರೆದರು. "ಮಾಣಿ, ಇದಕ್ಕೆ ಗಂಜಿಯ ಗುಣ ಇಲ್ಲ. ಆದರೆ ಇದು ಇಷ್ಟು ದೂರ ಬಂದದ್ದು ಯಾಕೆ ಅಂತ ನೀನು ಕೇಳಿದ್ದೀಯಾ?"

ನಾನು ಕೇಳಿರಲಿಲ್ಲ. ಆಗ ನನಗೆ ಗೋಣಿ ಎಷ್ಟು, ತೂಕ ಎಷ್ಟು ಅನ್ನುವುದಷ್ಟೇ ಗೊತ್ತು. ಭಟ್ಟರ ಪ್ರಶ್ನೆಗೆ ಉತ್ತರ ಸಿಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಆಗ ಇರಾನ್ ಮತ್ತು ಇರಾಕ್ ನಡುವೆ ಯುದ್ಧ. 1980ರಲ್ಲಿ ಸದ್ದಾಂ ಶುರು ಮಾಡಿದ್ದು. ಎಂಟು ವರ್ಷ ನಡೆಯಿತು. ನಾವಿದ್ದ ಕಡೆ ಯುದ್ಧ ಕಣ್ಣಿಗೆ ಕಾಣುತ್ತಿರಲಿಲ್ಲ, ಕಾಣುತ್ತಿದ್ದದ್ದು ಟ್ಯಾಕ್ಸಿಗಳು. ಮಾಡಿನ ಮೇಲೆ ಬಾವುಟ ಹೊದಿಸಿದ ಹೆಣದ ಪೆಟ್ಟಿಗೆ ಕಟ್ಟಿಕೊಂಡು ರಸ್ತೆಯಲ್ಲಿ ಹೋಗುವ ಟ್ಯಾಕ್ಸಿಗಳು. ಯಾವ ಮನೆಯ ಹುಡುಗ ಸತ್ತನೋ ಆ ಮನೆಯ ಗೋಡೆಗೆ ಉದ್ದನೆಯ ಕಪ್ಪು ಬಟ್ಟೆ ಕಟ್ಟುತ್ತಿದ್ದರು, ಅದರ ಮೇಲೆ ಅವನ ಹೆಸರು. ನಾನು ಹೋದ ವರ್ಷ ನಮ್ಮ ಕ್ಯಾಂಪಿನ ಹತ್ತಿರದ ಓಣಿಯಲ್ಲಿ ಎರಡೋ ಮೂರೋ ಬಟ್ಟೆ ಇದ್ದವು. ಹೊರಡುವ ವರ್ಷ ಎಣಿಸುವುದನ್ನೇ ಬಿಟ್ಟಿದ್ದೆ.

ಮತ್ತೆ ಪಟಗಳು. ಎಲ್ಲಿ ನೋಡಿದರೂ ಸದ್ದಾಂ. ಮಿಲಿಟರಿ ಬಟ್ಟೆಯಲ್ಲಿ, ಕುರ್ದಿಗಳ ಉಡುಪಿನಲ್ಲಿ, ನಮಾಜು ಮಾಡುತ್ತಾ, ಮಗುವನ್ನು ಎತ್ತಿಕೊಂಡು. ಕೈಗಡಿಯಾರದ ಒಳಗೂ ಅವನ ಮುಖ, ಮುಳ್ಳುಗಳು ಅವನ ಮೀಸೆಯ ಮೇಲಿಂದ ತಿರುಗುತ್ತಿದ್ದವು. ಪಟದ ಕಡೆ ಬೆರಳು ತೋರಿಸಿ ಮಾತಾಡಬಾರದು ಅಂತ ನಮಗೆ ಮೊದಲ ದಿನವೇ ಹೇಳಿದ್ದರು.

ಆ ಓಣಿಯ ತಿರುವಿನಲ್ಲಿತ್ತು ಹಾಜಿಯ ಚಾ ಅಂಗಡಿ. ಹೆಸರು ಬೇರೆ ಇತ್ತು, ಎಲ್ಲರೂ ಹಾಜಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎತ್ತರದ ಆಳು, ಒಂದು ಕಣ್ಣು ಸ್ವಲ್ಪ ಮಂದ. ಭಾರತದವ ಅಂದ ಕೂಡಲೇ ಹಿಂದಿ ಸಿನಿಮಾದ ಹಾಡು ಗುನುಗುವವ. ಅರ್ಥ ಒಂದಕ್ಷರ ಗೊತ್ತಿಲ್ಲ, ರಾಗ ಮಾತ್ರ ತಪ್ಪುತ್ತಿರಲಿಲ್ಲ. ನನಗೆ ಶೀತವಾದರೆ ನೂಮಿ ಬಸ್ರಾ ಕುದಿಸಿ ಕೊಡುತ್ತಿದ್ದ. ಒಣಗಿ ಕಪ್ಪಾದ ನಿಂಬೆಹಣ್ಣಿನ ಕಷಾಯ ಅದು. ಬಸ್ರಾದ ನಿಂಬೆ ಅಂತ ಹೆಸರು, ಹಣ್ಣು ಹಿಂದಿನಿಂದಲೂ ಬರುತ್ತಿದ್ದದ್ದು ಹಡಗಿನಲ್ಲಿ, ಹೊರ ದೇಶದಿಂದ. "ನಿಮ್ಮ ಸಮುದ್ರದ ಕಡೆಯಿಂದಲೇ ಬಂದದ್ದು, ಕುಡಿ" ಅನ್ನುತ್ತಿದ್ದ. ನಮ್ಮ ಅಮ್ಮ ಶುಂಠಿ ಕಷಾಯ ಕೊಡುವಾಗ ಲೋಟ ಖಾಲಿಯಾಗುವವರೆಗೆ ನಿಂತು ನೋಡುತ್ತಿದ್ದಳಲ್ಲ, ಹಾಜಿಯೂ ಹಾಗೇ ನಿಲ್ಲುತ್ತಿದ್ದ.

ಅವನ ದೊಡ್ಡ ಮಗ ಯುದ್ಧದಲ್ಲಿ ಸತ್ತಿದ್ದ. ಸರಕಾರ ಪರಿಹಾರ ಅಂತ ಒಂದು ಕಾರು ಕೊಟ್ಟಿತ್ತು. ಹಾಜಿ ಅದನ್ನು ಒಂದು ದಿನವೂ ಓಡಿಸಲಿಲ್ಲ. ಮನೆಯ ಮುಂದೆ ನಿಲ್ಲಿಸಿ ಮೇಲೆ ಹಳೆಯ ಹೊದಿಕೆ ಮುಚ್ಚಿದ್ದ. ಅಂಗಡಿಯ ಗೋಡೆಯಲ್ಲಿ ಮೇಲೆ ಸದ್ದಾಂ, ಕೆಳಗೆ ಮಗ. ಪಟಕ್ಕೆ ಕಟ್ಟು ಹಾಕಿಸಿದ್ದು ಮಗನದ್ದಕ್ಕೆ ಮಾತ್ರ. ಕಿರಿಯವ ಆಗ ಇನ್ನೂ ಹತ್ತು ಹನ್ನೆರಡರ ಹುಡುಗ, ಲೋಟ ತೊಳೆಯುತ್ತಿದ್ದ, ನನ್ನಿಂದ ಭಾರತದ ನಾಣ್ಯ ಕೇಳಿ ಇಸಿದುಕೊಳ್ಳುತ್ತಿದ್ದ.

ಇನ್ನು ಆ ಕೈ ಕುಲುಕಿದ ಚಿತ್ರದ ವಿಷಯ. ಹಾಜಿಯ ಅಂಗಡಿಯಲ್ಲಿ ಒಂದು ಟಿ.ವಿ. ಇತ್ತು. ನಾನು ಹೋದ ವರ್ಷದ ಚಳಿಗಾಲ, ಡಿಸೆಂಬರ್ ತಿಂಗಳು. ಅಲ್ಲಿಯ ಚಳಿ ನಮ್ಮವರಿಗೆ ಹೇಳಿ ಗೊತ್ತಾಗುವಂಥದ್ದಲ್ಲ, ಮೂಗಿನ ತುದಿ ನಮ್ಮದಲ್ಲ ಅನ್ನಿಸಬೇಕು. ಅಮೆರಿಕದಿಂದ ದೊಡ್ಡ ಜನ ಬಂದಿದ್ದಾರೆ ಅಂತ ಸುದ್ದಿ. ಟಿ.ವಿ.ಯಲ್ಲಿ ಇದೇ ದೃಶ್ಯ, ಇದೇ ಕೈ ಕುಲುಕು, ಇದೇ ನಗು. ನಾನು ಅದನ್ನು ಅಂದೇ ನೋಡಿದೆನೋ, ಇಪ್ಪತ್ತು ವರ್ಷದ ಮೇಲೆ ಜಗತ್ತಿನ ಟಿ.ವಿ.ಗಳೆಲ್ಲ ಅದನ್ನು ತೋರಿಸಿ ತೋರಿಸಿ ನನ್ನ ನೆನಪಿನೊಳಗೆ ಸೇರಿಸಿದವೋ, ಆಣೆ ಇಟ್ಟು ಹೇಳಲಾರೆ. ಆದರೆ ಆವತ್ತು ಅಂಗಡಿಯಲ್ಲಿ ಯಾರೋ "ಇನ್ನು ಯುದ್ಧ ಬೇಗ ಮುಗಿಯುತ್ತದೆ" ಅಂದದ್ದು, ಹಾಜಿ ಒಂದೂ ಮಾತಾಡದೆ ಲೋಟಕ್ಕೆ ಸಕ್ಕರೆ ಹಾಕಿದ್ದು, ಇವೆರಡು ನೆನಪು ಗಟ್ಟಿ.

ಬಂದಿದ್ದವರು ಡೊನಾಲ್ಡ್ ರಮ್ಸ್‌ಫೆಲ್ಡ್. ಅಧ್ಯಕ್ಷ ರೇಗನ್ ಕಳಿಸಿದ ವಿಶೇಷ ದೂತ. ಇಪ್ಪತ್ತು ವರ್ಷದ ಮೇಲೆ ಇರಾಕಿನ ಮೇಲೆ ದಂಡೆತ್ತಿ ಹೋದಾಗ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದವರೂ ಅವರೇ. ಆ ಹೊತ್ತಿಗೆ ಅಮೆರಿಕದ ಹಳೆಯ ಸರಕಾರಿ ಕಾಗದಗಳು ಹೊರಗೆ ಬಂದವು, ಪತ್ರಿಕೆಗಳಲ್ಲಿ ದಿನವೂ ಅದೇ ವಿಷಯ. ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದೆ. ಯಾಕೆಂದರೆ ಅದು ನಾನು ಚಾ ಕುಡಿದ ಊರಿನ ಕತೆ.

ಆಯತುಲ್ಲಾ ಖೊಮೇನಿಯ ಇರಾನ್ ಗೆಲ್ಲಬಾರದು ಅನ್ನುವುದು ಅಮೆರಿಕದ ಲೆಕ್ಕ. ಅದಕ್ಕೆ ಇರಾಕ್ ಸೋಲಬಾರದು. 1982ರಲ್ಲಿ ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ ಪಟ್ಟಿಯಿಂದ ಇರಾಕಿನ ಹೆಸರನ್ನು ತೆಗೆದರು. ಆ ಮೇಲೆ ಸಾಲದ ಖಾತರಿ: ಅಮೆರಿಕದ ರೈತರ ಗೋಧಿ, ಅಕ್ಕಿಯನ್ನು ಇರಾಕ್ ಕಡವಾಗಿ ಕೊಳ್ಳಬಹುದು, ಇರಾಕ್ ಕೊಡದೆ ಹೋದರೆ ಅಮೆರಿಕ ಸರಕಾರವೇ ತುಂಬಿಕೊಡುತ್ತದೆ. ಭಟ್ಟರು ಕಚ್ಚಿ ನೋಡಿದ ಅಕ್ಕಿ ಅಷ್ಟು ದೂರ ಬಂದದ್ದು ಈ ದಾರಿಯಲ್ಲೇ ಇರಬೇಕು. ಅಕ್ಕಿಗೆ ಕೊಡಬೇಕಾದ ಹಣ ಉಳಿದರೆ ಅದು ಮದ್ದುಗುಂಡಿಗೆ ಹೋಗುತ್ತದೆ. ಇದು ಮೆಸ್ಸಿನ ಲೆಕ್ಕ ಬರೆದವನಿಗೂ ಅರ್ಥವಾಗುವ ವಿಷಯ. ಇರಾನಿನ ಸೈನ್ಯ ಎಲ್ಲಿ ಸೇರಿದೆ ಅನ್ನುವ ಗುಪ್ತ ಮಾಹಿತಿಯೂ ಅಮೆರಿಕದಿಂದ ಬಾಗ್ದಾದಿಗೆ ಹೋಗುತ್ತಿತ್ತು. 1984ರಲ್ಲಿ ಎರಡು ದೇಶಗಳ ರಾಯಭಾರ ಸಂಬಂಧ, 1967ರಲ್ಲಿ ಕಡಿದುಹೋದದ್ದು, ಮತ್ತೆ ಶುರುವಾಯಿತು.

ನನ್ನ ನಿದ್ದೆ ಕೆಡಿಸಿದ ಕಾಗದ ಬೇರೆ. ರಮ್ಸ್‌ಫೆಲ್ಡ್ ಬಾಗ್ದಾದಿಗೆ ಬರುವ ಒಂದು ತಿಂಗಳು ಮೊದಲೇ, ಇರಾಕ್ ಹೆಚ್ಚುಕಡಿಮೆ ದಿನವೂ ವಿಷಾನಿಲ ಬಳಸುತ್ತಿದೆ ಅಂತ ಅಮೆರಿಕದ ವಿದೇಶಾಂಗ ಇಲಾಖೆಯ ಅಧಿಕಾರಿಗಳು ತಮ್ಮ ಕಾರ್ಯದರ್ಶಿಗೆ ಬರೆದು ತಿಳಿಸಿದ್ದರು. ಗೊತ್ತಿಲ್ಲದೆ ಕೈ ಕುಲುಕಿದ್ದಲ್ಲ, ಗೊತ್ತಿದ್ದೇ ಕುಲುಕಿದ್ದು. ಮರುವರ್ಷ ಅಮೆರಿಕ ವಿಷಾನಿಲದ ಬಳಕೆಯನ್ನು ಬಹಿರಂಗವಾಗಿ ಖಂಡಿಸಿತು. ಅದೇ ತಿಂಗಳು ರಮ್ಸ್‌ಫೆಲ್ಡ್ ಮತ್ತೆ ಬಾಗ್ದಾದಿಗೆ ಬಂದರು, ಸಂಬಂಧ ಸುಧಾರಿಸುವ ನಮ್ಮ ಆಸೆ ಮೊದಲಿನಂತೆಯೇ ಇದೆ ಅಂತ ತಿಳಿಸಲು.

ಅಮೆರಿಕ ಒಂದೇ ಅಲ್ಲ, ಸತ್ಯ ಹೇಳಬೇಕು. ಟ್ಯಾಂಕುಗಳು ಸೋವಿಯತ್ ದೇಶದವು, ಯುದ್ಧವಿಮಾನ ಫ್ರಾನ್ಸಿನವು, ರಾಸಾಯನಿಕಗಳು ಯುರೋಪಿನ ಕಂಪನಿಗಳಿಂದ ಬಂದವು. ನಮ್ಮ ದೇಶವೂ ಸದ್ದಾಮನ ಸ್ನೇಹಿತನೇ; ನಮಗೆ ಎಣ್ಣೆ ಬೇಕಿತ್ತು, ನನ್ನಂಥವರಿಗೆ ಕೆಲಸ ಬೇಕಿತ್ತು. ಹಾವಿಗೆ ಹಾಲೆರೆಯುವಾಗ ಒಬ್ಬರ ಕೈಯಲ್ಲಿ ಮಾತ್ರ ತಂಬಿಗೆ ಇರಲಿಲ್ಲ.

ನಾನು 1986ರಲ್ಲಿ ಊರಿಗೆ ಬಂದೆ. ಬಟ್ಟೆಬರೆ, ಅಮ್ಮನಿಗೆ ತಂದ ಖರ್ಜೂರ ಎಲ್ಲವನ್ನೂ ಅದೇ ಹಸಿರಕ್ಷರದ ಗೋಣಿಯಲ್ಲಿ ಹೊಲಿದು ತಂದಿದ್ದೆ. ಖರ್ಜೂರ ಊರಿಗೆಲ್ಲ ಹಂಚಿ ಮುಗಿಯಿತು. ಗೋಣಿಯನ್ನು ಅಮ್ಮ ಬಿಸಿಲಿಗೆ ಹಾಕಿ, ಕೊಡವಿ, ಜಗಲಿಯ ಮೆಟ್ಟಿಲಿಗೆ ಕಾಲೊರಸಲು ಹಾಸಿದಳು.

ಎರಡು ವರ್ಷದ ಮೇಲೆ ಮತ್ತೆ ಹೊರಟೆ, ಈ ಸಲ ಕುವೈತಿಗೆ. ಅದೇ ವರ್ಷದ ಮಾರ್ಚಿನಲ್ಲಿ ಹಲಬ್ಜಾ ಆಗಿತ್ತು. ಇರಾಕಿನೊಳಗಿನದೇ ಒಂದು ಕುರ್ದಿ ಪಟ್ಟಣ. ತನ್ನದೇ ಪ್ರಜೆಗಳ ಮೇಲೆ ವಿಷಾನಿಲ ಸುರಿದು ಸುಮಾರು 5,000 ಜನರನ್ನು ಸದ್ದಾಂ ಕೊಂದದ್ದು ಅಲ್ಲಿ. ಬಾಗಿಲ ಬಳಿ ಮಗುವನ್ನು ಎದೆಗವಚಿಕೊಂಡು ಸತ್ತ ಅಪ್ಪನ ಚಿತ್ರವನ್ನು ನೀವೂ ನೋಡಿರಬಹುದು. ಅಮೆರಿಕದ ಸೆನೆಟ್ ಇರಾಕಿನ ಮೇಲೆ ನಿರ್ಬಂಧ ಹಾಕುವ ಮಸೂದೆಯನ್ನು ಒಪ್ಪಿತು. ಸರಕಾರವೇ ಬೇಡ ಅಂದದ್ದರಿಂದ ಅದು ಕಾನೂನಾಗಲಿಲ್ಲ. ಮರುವರ್ಷ ಧಾನ್ಯಕ್ಕೆ ಮತ್ತೆ 100 ಕೋಟಿ ಡಾಲರಿನ ಖಾತರಿ ಮಂಜೂರಾಯಿತು. ಅದಕ್ಕೂ ಮೊದಲು, 1987ರಲ್ಲಿ, ಇರಾಕಿನ ಕ್ಷಿಪಣಿ ತಾಗಿ ಅಮೆರಿಕದ ಸ್ಟಾರ್ಕ್ ಎಂಬ ಯುದ್ಧನೌಕೆಯಲ್ಲಿ 37 ನಾವಿಕರು ಸತ್ತಿದ್ದರು. ಇರಾಕ್ ತಪ್ಪಾಯಿತು ಅಂದಿತು, ಅಮೆರಿಕ ಅದನ್ನೂ ನುಂಗಿಕೊಂಡಿತು.

ಕುವೈತಿನಲ್ಲಿ ನಾನಿದ್ದದ್ದು ಸಾಲ್ಮಿಯಾದ ಒಂದು ದಿನಸಿ ಅಂಗಡಿಯಲ್ಲಿ. ನಮ್ಮ ಕಫೀಲ್, ಅಂದರೆ ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಧಣಿ, ಒಳ್ಳೆಯ ಮನುಷ್ಯ, ಹಬ್ಬಕ್ಕೆ ನಮಗೆ ತನ್ನ ಮನೆಯಿಂದ ಕುರಿ ಮಾಂಸದ ಅನ್ನ ಕಳಿಸುವವ. ಭಟ್ಟರು ನೆನಪಾಗಿ ನಾನು ಅನ್ನ ಮಾತ್ರ ತಿಂದು ಉಳಿದದ್ದು ಗೆಳೆಯರಿಗೆ ಕೊಡುತ್ತಿದ್ದೆ. ಇರಾಕ್ ಅರಬರ ಪೂರ್ವ ಬಾಗಿಲನ್ನು ಕಾಯುತ್ತಿದೆ ಅನ್ನುವುದು ಆಗ ಅಲ್ಲೆಲ್ಲ ರೂಢಿಯ ಮಾತು. ನಮ್ಮ ಕಫೀಲನೂ ಅದನ್ನು ಎದೆಯುಬ್ಬಿಸಿ ಹೇಳುತ್ತಿದ್ದ. ಆ ಕಾವಲಿಗೆ ಕುವೈತ್ ಸುಮಾರು 1,400 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಸದ್ದಾಂ ಆ ಸಾಲವನ್ನು ಬಿಟ್ಟುಬಿಡಿ ಅಂದ. ಎಣ್ಣೆಯ ಬೆಲೆಗೂ ಗಡಿಯ ಎಣ್ಣೆಬಾವಿಗೂ ಜಗಳ ತೆಗೆದ. ಗಡಿಗೆ ಸೈನ್ಯ ತಂದು ನಿಲ್ಲಿಸಿದ. ಅಷ್ಟಾದಾಗಲೂ ಬಾಗ್ದಾದಿನ ಅಮೆರಿಕದ ರಾಯಭಾರಿ ಅವನಿಗೆ ಹೇಳಿದ್ದು, ಅರಬರೊಳಗಿನ ಗಡಿ ತಕರಾರಿನಲ್ಲಿ ನಾವು ಪಕ್ಷ ವಹಿಸುವುದಿಲ್ಲ ಎಂಬರ್ಥದ ಮಾತನ್ನು. ಅದಾಗಿ ಎಂಟು ದಿನಕ್ಕೆ ಟ್ಯಾಂಕು ಬಂತು.

1990ರ ಆಗಸ್ಟ್ 2, ಗುರುವಾರ. ಬೆಳಗಿನ ಜಾವ. ನನ್ನ ಕೋಣೆಯಲ್ಲಿ ಮಂಗಳೂರಿನ ಕೊಂಕಣಿ ಮಾಮ್ ಒಬ್ಬರಿದ್ದರು. ಹದಿನೆಂಟು ವರ್ಷದಿಂದ ಅಲ್ಲಿದ್ದವರು, ತನಗೆ ಯಾರು ಎಷ್ಟು ಕೊಡಬೇಕು ಅನ್ನುವುದನ್ನು ಸಿಗರೇಟು ಪ್ಯಾಕಿನ ಹಿಂದೆ ಬರೆದಿಡುವವರು. ಗುಡುಗಿದಂತೆ ಸದ್ದಾಯಿತು. ಆಗಸ್ಟಿನಲ್ಲಿ ಅಲ್ಲಿ ಎಂಥ ಗುಡುಗು? ಮಾಮ್ ಕಿಟಕಿಯಿಂದ ನೋಡಿ, ಹಿಂದಕ್ಕೆ ಬಂದು ಮಂಚದಲ್ಲಿ ಕೂತರು. "ಬೇಲಿಯೇ ಎದ್ದು ಗದ್ದೆ ಮೇಯಲಿಕ್ಕೆ ಬಂತಲ್ಲ ಮಾರಾಯ" ಅಂದರು. ಆಮೇಲೆ ಆ ಪ್ಯಾಕುಗಳನ್ನೆಲ್ಲ ಒಟ್ಟು ಮಾಡಿ ಒಂದು ಡಬ್ಬಿಗೆ ಹಾಕಿದರು. ಆ ದುಡ್ಡು ಯಾವುದೂ ಬರಲಿಲ್ಲ.

ಬಂದ ಸೈನಿಕರು ರಾಕ್ಷಸರ ಹಾಗಿದ್ದರು ಅಂತ ಹೇಳಿದರೆ ಕೇಳುವವರಿಗೆ ಸುಲಭ. ಕೆಲವರು ಹಾಗೂ ಇದ್ದರು. ಅಂಗಡಿ ದೋಚಿದ್ದು, ಜನರನ್ನು ಎಳೆದೊಯ್ದದ್ದು ನಮ್ಮ ಕಣ್ಣೆದುರೇ. ನಮ್ಮ ಕಫೀಲ್ ಯಾವ ಕಡೆ ಹೋದನೋ, ಅವನ ಮನೆಯ ಬಾಗಿಲು ತೆರೆದೇ ಇತ್ತು. ಆದರೆ ನಮ್ಮ ಬೀದಿಯ ತುದಿಯಲ್ಲಿ ಕಾವಲಿಗೆ ನಿಂತವರು ಮೀಸೆ ಸರಿಯಾಗಿ ಬಾರದ ಹುಡುಗರು. ನಲವತ್ತೈದು ಡಿಗ್ರಿ ಮೀರಿದ ಬಿಸಿಲು, ಮರಳುಗಾಳಿ. ಮೂರನೆಯದೋ ನಾಲ್ಕನೆಯದೋ ದಿನ ಒಬ್ಬ ಬಂದ. "ಹಿಂದಿ?" ಅಂತ ಕೇಳಿದ, ಭಾರತದವನಾ ಅಂತ. ಹೌದು ಅಂದೆ. "ಅಮಿತಾಬ್ ಬಚ್ಚನ್," ಅಂದು ನಕ್ಕ. ನಗು ಮುಗಿದ ಮೇಲೆ ತಲೆ ತಗ್ಗಿಸಿ ಮೆಲ್ಲ ಕೇಳಿದ: "ಖುಬ್ಜ್ ಅಕು?" ರೊಟ್ಟಿ ಉಂಟಾ ಅಂತ. ಇರಾಕಿನ ಮಾತಿನಲ್ಲಿ ಉಂಟು ಅನ್ನಲು ಅಕು, ಇಲ್ಲ ಅನ್ನಲು ಮಾಕು. ಹಾಜಿಯ ಅಂಗಡಿಯಲ್ಲಿ ಕಲಿತದ್ದು. ನಾನು ಎರಡು ರೊಟ್ಟಿ ಕೊಟ್ಟೆ. ಅವನು ಒಂದನ್ನು ಅಲ್ಲೇ ನಿಂತು ತಿಂದ, ಇನ್ನೊಂದನ್ನು ಅಂಗಿಯ ಒಳಗೆ ಇಟ್ಟುಕೊಂಡು ಗೆಳೆಯನ ಕಡೆ ಓಡಿದ.

ಆ ತಿಂಗಳಲ್ಲೇ ನಮ್ಮ ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಬಂದರು. ಸದ್ದಾಂ ಅವರನ್ನು ಅಪ್ಪಿಕೊಂಡ ಚಿತ್ರ ಪತ್ರಿಕೆಗಳಲ್ಲಿ ಬಂತು, ದೇಶ ವಿದೇಶದಲ್ಲಿ ಟೀಕೆಯಾಯಿತು. ಟೀಕಿಸಿದವರು ತಪ್ಪು ಅಂತ ನಾನು ಹೇಳಲಾರೆ. ಆದರೆ ಆ ಅಪ್ಪುಗೆಯ ಋಣ ನನ್ನ ಮೈಮೇಲೂ ಇದೆ. ಅದಾದ ಮೇಲೆಯೇ ನಮ್ಮಂಥವರಿಗೆ ಹೊರಡುವ ದಾರಿ ಸಲೀಸಾದದ್ದು. ಸಾಲ ಕೊಟ್ಟು, ಗುಟ್ಟು ಕೊಟ್ಟು ಸಾಕಿದ ಕೈಯೂ, ಸಿಕ್ಕಿಬಿದ್ದ ಜನರನ್ನು ಬಿಡಿಸಿಕೊಳ್ಳಲು ಚಾಚಿದ ಕೈಯೂ ಒಂದೇ ತೂಕದ್ದಲ್ಲ ಅಂತ ನನ್ನ ಮನಸ್ಸು ಹೇಳುತ್ತದೆ. ಹಾಗೆ ಹೇಳುವುದು ನಾನು ಬದುಕಿ ಬಂದದ್ದಕ್ಕೂ ಇರಬಹುದು.

ಹೊರಟದ್ದು ಸೆಪ್ಟೆಂಬರಿನಲ್ಲಿ, ಬಸ್ಸಿನಲ್ಲಿ. ಮುತ್ಲಾ ದಿಣ್ಣೆ ಹತ್ತಿ ಬಸ್ರಾ, ಅಲ್ಲಿಂದ ಬಾಗ್ದಾದು. ಮಾಮ್ ಎಲ್ಲ ಬಿಟ್ಟು ಒಂದು ಪ್ರೆಷರ್ ಕುಕ್ಕರನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ. ಮರುಭೂಮಿಯ ಡೇರೆಗಳಲ್ಲಿ ಅದರಲ್ಲೇ ಎಷ್ಟೋ ಮಕ್ಕಳಿಗೆ ಗಂಜಿ ಬೆಂದಿತು, ಅದು ಮುಂದಿನ ಮಾತು.

ಬಾಗ್ದಾದಿನಲ್ಲಿ ಬಸ್ಸು ಒಂದು ರಾತ್ರಿ ನಿಂತಿತು. ನಾನು ಕೇಳುತ್ತಾ ಕೇಳುತ್ತಾ ಹಾಜಿಯ ಓಣಿಗೆ ಹೋದೆ. ಅಂಗಡಿ ತೆರೆದಿತ್ತು. ಹತ್ತು ಹನ್ನೆರಡು ಜನ ಕೂತಿದ್ದರು, ಎಲ್ಲರ ಮುಂದೆಯೂ ಇಸ್ತಿಕಾನ್. ಆದರೂ ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸದ್ದೇ ಇರಲಿಲ್ಲ. ಯಾರ ಲೋಟದಲ್ಲೂ ಚಮಚ ಇಲ್ಲ, ಕಿಣಿಕಿಣಿ ಇಲ್ಲ.

ಹಾಜಿ ನನ್ನ ಗುರುತು ಹಿಡಿದ. ಅಪ್ಪಿಕೊಂಡ. ಮೈ ಅರ್ಧಕ್ಕೆ ಇಳಿದಿತ್ತು. ಒಂದು ಲೋಟ ಚಾ ತಂದು ಮುಂದಿಟ್ಟು, ಅತಿಥಿಗೆ ಮಾಡಬಾರದ ತಪ್ಪು ಮಾಡಿದವನ ಹಾಗೆ ನಿಂತ. "ಶಕ್ಕರ್ ಮಾಕು," ಅಂದ. ಸಕ್ಕರೆ ಇಲ್ಲ. ಆಗಸ್ಟಿನಲ್ಲೇ ವಿಶ್ವಸಂಸ್ಥೆಯ ನಿರ್ಬಂಧ ಬಿದ್ದಿತ್ತು. ಅಕ್ಕಿ, ಹಿಟ್ಟು, ಸಕ್ಕರೆ ಎಲ್ಲ ರೇಷನ್ನಿಗೆ ಬಂದಿತ್ತು. ಅಲ್ಲಿಯವರೆಗೆ ಹಡಗು ತುಂಬ ಧಾನ್ಯ ಕಳಿಸಿದ್ದ ದೇಶವೇ ಈಗ ಹಡಗುಗಳನ್ನು ತಡೆಯಲು ನಿಂತಿತ್ತು.

ಗೋಡೆಯಲ್ಲಿ ಮೇಲೆ ಅದೇ ಸದ್ದಾಂ, ಕೆಳಗೆ ಅದೇ ಮಗ. ಕಿರಿಯವನ ಬಗ್ಗೆ ಕೇಳಿದೆ. ಹಾಜಿ ಅತ್ತ ಇತ್ತ ನೋಡಿದ. ಸೈನ್ಯಕ್ಕೆ ಕರೆದರು, ಕುವೈತಿನಲ್ಲಿದ್ದಾನೆ ಅಂದ. ಆಮೇಲೆ ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಕೇಳಿದ:

"ನೀನು ಅಲ್ಲಿಂದಲೇ ಬಂದೆಯಲ್ಲ. ಅಲ್ಲಿ ಹುಡುಗರಿಗೆ ತಿನ್ನಲು ಸಿಗುತ್ತದಾ?"

ನನಗೆ ರೊಟ್ಟಿ ಕೇಳಿದ ಹುಡುಗನ ಮುಖ ಎದುರಿಗೆ ಬಂತು. ಅವನು ಇವನಲ್ಲ, ಖಂಡಿತ ಅಲ್ಲ. "ಸಿಗುತ್ತದೆ ಹಾಜಿ. ನಾವೇ ರೊಟ್ಟಿ ಕೊಟ್ಟಿದ್ದೇವೆ," ಅಂದೆ. ಅರ್ಧ ಸತ್ಯ. ಹಾಜಿ ನನ್ನ ಹಣೆಗೆ ಮುತ್ತು ಕೊಟ್ಟ. ಆ ಕಹಿ ಚಾವನ್ನು ನಾನು ಕೊನೆಯ ಹನಿಯವರೆಗೆ ಕುಡಿದೆ.

ಮುಂದಿನದು ಸಾವಿರಾರು ಜನರ ಕತೆ, ಬೇಗ ಹೇಳಿಬಿಡುತ್ತೇನೆ. ಜೋರ್ಡಾನ್ ಗಡಿ, ಡೇರೆ, ಹಗಲು ಬೆಂಕಿ, ರಾತ್ರಿ ಚಳಿ, ಟೊಮೆಟೊ ಮತ್ತು ಒಣ ರೊಟ್ಟಿ. ಅಮ್ಮಾನ್ ವಿಮಾನ ನಿಲ್ದಾಣದಿಂದ ಏರ್ ಇಂಡಿಯಾ. ಸುಮಾರು ಎರಡು ತಿಂಗಳು, ಐನೂರರ ಹತ್ತಿರ ಹಾರಾಟ. ಆ ಸಲ ಕುವೈತ್, ಇರಾಕಿನಿಂದ ಊರು ಸೇರಿದ ಭಾರತೀಯರು ಸುಮಾರು 1,70,000. ಬೊಂಬಾಯಿಯಿಂದ ಬಸ್ಸು ಹಿಡಿದು ಮನೆಗೆ ಬಂದಾಗ ಸೋನೆ ಮಳೆ. ಅಮ್ಮ ಮೆಟ್ಟಿಲಲ್ಲಿ ನಿಂತಿದ್ದಳು. ನಾನು ಅದೇ ಗೋಣಿಗೆ ಕಾಲೊರಸಿ ಒಳಗೆ ಹೋದೆ. ಕುಚ್ಚಲಕ್ಕಿ ಗಂಜಿ ಬಡಿಸಿ, ನಾನು ಉಂಡು ಮುಗಿಸುವವರೆಗೆ ಅವಳು ಒಂದೂ ಮಾತಾಡಲಿಲ್ಲ.

ಆಮೇಲೆ ನಡೆದದ್ದನ್ನು ನಾನೂ ನಿಮ್ಮ ಹಾಗೆ ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಕಂಡವನು. ಅಧ್ಯಕ್ಷ ಬುಷ್ ಸದ್ದಾಮನನ್ನು ಹಿಟ್ಲರನಿಗೆ ಹೋಲಿಸಿದರು. ಒಂದು ವರ್ಷದ ಹಿಂದೆ ಅವನ ಜೊತೆ ಒಳ್ಳೆಯ ಸಂಬಂಧ ಇಟ್ಟುಕೊಳ್ಳಬೇಕು ಅನ್ನುವ ನಿರ್ದೇಶನಕ್ಕೆ ಸಹಿ ಹಾಕಿದವರೂ ಅವರೇ. 1991ರಲ್ಲಿ ಕುವೈತ್ ಬಿಡುಗಡೆಯಾಯಿತು, ಅದು ಆಗಬೇಕಾದದ್ದೇ. ಇರಾಕಿನ ಜನರೇ ಏಳಲಿ ಅಂತ ಬುಷ್ ಕರೆ ಕೊಟ್ಟರು. ಜನ ಎದ್ದರು. ಸದ್ದಾಮನ ಹೆಲಿಕಾಪ್ಟರುಗಳು ಅವರನ್ನು ಹೊಡೆದು ಉರುಳಿಸುವಾಗ ಕರೆ ಕೊಟ್ಟವರು ಸಹಾಯಕ್ಕೆ ಬರಲಿಲ್ಲ. ಹನ್ನೆರಡು ವರ್ಷ ನಿರ್ಬಂಧ, 2003ರಲ್ಲಿ ಮತ್ತೆ ಯುದ್ಧ. 2006ರ ಡಿಸೆಂಬರ್ 30ಕ್ಕೆ ಸದ್ದಾಮನನ್ನು ಗಲ್ಲಿಗೆ ಹಾಕಿದರು.

ಯಾವ ಪಾಪಕ್ಕೆ ಗಲ್ಲಿಗೆ ಹಾಕಿದ್ದು ಗೊತ್ತಾ? ದುಜೈಲ್ ಎಂಬ ಪಟ್ಟಣದಲ್ಲಿ ಅವನ ಮೇಲೆ ಗುಂಡು ಹಾರಿತು ಅಂತ ಸೇಡಿಗೆ 148 ಜನರನ್ನು ಕೊಲ್ಲಿಸಿದ್ದಕ್ಕೆ. ಆ ಗುಂಡು ಹಾರಿದ್ದು, ಊರಿನವರನ್ನು ಹಿಡಿದೊಯ್ದದ್ದು 1982ರಲ್ಲಿ. ಭಯೋತ್ಪಾದನೆಯ ಆ ಪಟ್ಟಿಯಿಂದ ಅಮೆರಿಕ ಇರಾಕಿನ ಹೆಸರು ತೆಗೆದ ವರ್ಷವೇ. ಕೈ ಕುಲುಕುವ ಒಂದೂವರೆ ವರ್ಷ ಮೊದಲೇ. ಕುರ್ದಿಗಳನ್ನು ಕೊಂದ ಮೊಕದ್ದಮೆ ನಡೆಯುತ್ತಿರುವಾಗಲೇ ಕುಣಿಕೆ ಬಿತ್ತು, ಆ ಲೆಕ್ಕ ಅವನ ಬಾಯಿಂದ ಕೇಳುವುದು ಬಾಕಿಯೇ ಉಳಿಯಿತು.

ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟು. "ಮಗಾ, ಅವನು ಮೊದಲು ಒಳ್ಳೆಯವನಿದ್ದು ಆಮೇಲೆ ಕೆಟ್ಟವನಾದದ್ದಲ್ಲ. ಕೈ ಕುಲುಕಿದ ದಿನವೂ ಅವನು ಅದೇ ಮನುಷ್ಯ. ಶತ್ರುವಿನ ಶತ್ರು ಅಂತ ಅವನನ್ನು ಸಾಕಿದವರು ಆಮೇಲೆ ಅವನನ್ನು ಹೊಡೆದದ್ದಕ್ಕೆ ನನಗೆ ಬೇಸರವಿಲ್ಲ. ನಾವೂ ಸಾಕಿದ್ದೆವು, ನಮ್ಮದೂ ಪಾಲಿದೆ ಅಂತ ಒಂದು ಸಲ ಹೇಳಲಿಲ್ಲವಲ್ಲ, ಅದಕ್ಕೆ ಬೇಸರ. ಸಾಕಿದ್ದಕ್ಕೂ ಹೊಡೆದದ್ದಕ್ಕೂ ಬೆಲೆ ತೆತ್ತವನು ಹಾಜಿ ಒಬ್ಬನೇ."

ಅವಳು ಮೊಬೈಲು ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದಳು. ಒಳಗಿನಿಂದ ನನಗೆ ಚಾ ಬಂತು. ವಯಸ್ಸಾದ ಮೇಲೆ ನನ್ನ ಚಾಕ್ಕೂ ಸಕ್ಕರೆ ಇಲ್ಲ, ಚಮಚದ ಸದ್ದಿಲ್ಲ. ಮೆಟ್ಟಿಲಲ್ಲಿ ಆ ಗೋಣಿಯೂ ಇಲ್ಲ. ಹಸಿರಕ್ಷರ ಕಾಲಡಿಯಲ್ಲಿ ಸವೆದು, ನೂಲು ಬಿಟ್ಟು, ಯಾವುದೋ ಮಳೆಗಾಲದಲ್ಲಿ ತೆಂಗಿನ ಬುಡ ಸೇರಿತು.

"ಅಜ್ಜ," ಅಂದಳು ಕೊನೆಗೆ, "ಹಾಜಿಯ ಸಣ್ಣ ಮಗ ವಾಪಸ್ ಬಂದನಾ?"

1991ರ ಫೆಬ್ರುವರಿಯಲ್ಲಿ ಇರಾಕಿನ ಸೈನ್ಯ ಕುವೈತ್ ಬಿಟ್ಟು ಓಡುವಾಗ, ನಮ್ಮ ಬಸ್ಸು ಬಂದಿತ್ತಲ್ಲ ಅದೇ ಮುತ್ಲಾ ದಾರಿಯಲ್ಲಿ, ಮೇಲಿನಿಂದ ಬಾಂಬು ಹಾಕಿದರು. ಸುಟ್ಟ ಲಾರಿ, ಕಾರು, ಬಸ್ಸುಗಳ ಸಾಲನ್ನು ಟಿ.ವಿ.ಯಲ್ಲಿ ನೋಡಿದ್ದೆ. ಹತ್ತಿರ ಹೋಗಿ ಕೂತು, ಮುಖಗಳನ್ನು ಹುಡುಕಿ ಹುಡುಕಿ ನೋಡಿದ್ದೆ. ಮುಖಗಳನ್ನು ತೋರಿಸಲಿಲ್ಲ.

"ಗೊತ್ತಾಗಲಿಲ್ಲ ಮಗಾ," ಅಂದೆ.

ಮಳೆ ಇನ್ನೂ ಹೊಯ್ಯುತ್ತಲೇ ಇತ್ತು.